ಡ್ರಾಯಿಂಗ್ ತಿದ್ದುವ ಮೊದಲು: ದಾಖಲೆ ಬದಲಾವಣೆ ಕೋರಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಒಂದು ಘಟಕದಲ್ಲಿ ನಾನು ದಾಖಲೆ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಎಂದರೆ ಎರಡು ಕಪಾಟು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಮತ್ತು ನಾನು. ಡ್ರಾಯಿಂಗ್, ಕೆಲಸದ ಸೂಚನಾ ಪತ್ರ, ತಪಾಸಣೆಯ ನಮೂನೆ, ಗ್ರಾಹಕರಿಗೆ ಕೊಡುವ ಕೈಪಿಡಿ, ಇವೆಲ್ಲ ಇಲ್ಲಿಂದಲೇ ಹೊರಗೆ ಹೋಗುತ್ತವೆ. ಹೋದವು ವಾಪಸ್ ಬರುತ್ತವೆಯೇ ಎಂಬುದು ಬೇರೆ ಮಾತು, ಮತ್ತು ಈ ಪುಟದ ಅರ್ಧ ಭಾಗ ಅದರ ಬಗ್ಗೆಯೇ ಇದೆ. ಮಚ್ಛೆ, ಹೊನಗಾ, ಕಾಕತಿ ಕಡೆಯ ಸಣ್ಣ ಕಾರ್ಖಾನೆಗಳವರು ಫೋನು ಮಾಡಿ ಕೇಳುವ ಪ್ರಶ್ನೆಗಳನ್ನು ಒಂದೆಡೆ ಸೇರಿಸಿದ್ದೇನೆ.

ಬದಲಾವಣೆ ಕೋರಿಕೆ ಎಂದರೆ ಏನು? ಅದಕ್ಕೂ ಬದಲಾವಣೆ ಸೂಚನೆಗೂ ವ್ಯತ್ಯಾಸವಿದೆಯೇ?

ಇದೆ. ‘ಈ ದಾಖಲೆಯಲ್ಲಿ ಇಂಥದ್ದು ಸರಿಯಿಲ್ಲ, ಹೀಗೆ ಮಾಡಿ’ ಎಂದು ಕೇಳುವುದು ಕೋರಿಕೆ. ‘ಕೇಳಿದ್ದನ್ನು ಒಪ್ಪಿದ್ದೇವೆ, ಇಂಥ ದಿನದಿಂದ ಹೊಸದು ಜಾರಿಯಲ್ಲಿರುತ್ತದೆ’ ಎಂದು ಎಲ್ಲರಿಗೂ ತಿಳಿಸುವುದು ಸೂಚನೆ. ಮೊದಲನೆಯದನ್ನು ನಮ್ಮಲ್ಲಿ ಡಿಸಿಆರ್ (ಡಾಕ್ಯುಮೆಂಟ್ ಚೇಂಜ್ ರಿಕ್ವೆಸ್ಟ್) ಎನ್ನುತ್ತೇವೆ, ಎರಡನೆಯದನ್ನು ಇಸಿಎನ್ (ಎಂಜಿನಿಯರಿಂಗ್ ಚೇಂಜ್ ನೋಟಿಸ್). ಸಣ್ಣ ಘಟಕಗಳು ಎರಡನ್ನೂ ಒಂದೇ ಹಾಳೆಯ ಎರಡು ಬದಿಗೆ ಮುದ್ರಿಸಿಕೊಳ್ಳುವುದುಂಟು. ತಪ್ಪೇನಿಲ್ಲ. ಆದರೆ ಮುಂದಿನ ಬದಿ ತುಂಬಿ ಹಿಂದಿನ ಬದಿ ಖಾಲಿ ಇರುವಾಗಲೇ ಡ್ರಾಯಿಂಗ್ ಶಾಪಿಗೆ, ಎಂದರೆ ಮಶೀನುಗಳಿರುವ ಕಡೆಗೆ, ಇಳಿದುಬಿಟ್ಟಿದ್ದರೆ ಅದು ತಪ್ಪು.

ಪೆನ್ನಿನಿಂದ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರೆ ಸಾಲದೇ? ಇಪ್ಪತ್ತು ವರ್ಷ ಹಾಗೆಯೇ ನಡೆಸಿದ್ದೇವೆ.

ಸಾಲಬಹುದು, ಆ ಡ್ರಾಯಿಂಗಿಗೆ ಜಗತ್ತಿನಲ್ಲಿ ಒಂದೇ ಪ್ರತಿ ಇದ್ದರೆ. ಒಂದು ಪ್ರತಿ ಮಶೀನಿನ ಬಳಿ, ಒಂದು ತಪಾಸಣೆಯ ಮೇಜಿನಲ್ಲಿ, ಒಂದು ಖರೀದಿ ವಿಭಾಗದಲ್ಲಿ, ಒಂದು ಫೌಂಡ್ರಿಯ ಪ್ಯಾಟರ್ನ್ ಮಾಡುವವರ ಬಳಿ ಇದ್ದರೆ, ಒಂದನ್ನು ತಿದ್ದಿದ ಕ್ಷಣದಿಂದ ನಿಮ್ಮ ಕಾರ್ಖಾನೆಯಲ್ಲಿ ಒಂದೇ ಜಾಬಿಗೆ (ತಯಾರಿಸುವ ಭಾಗಕ್ಕೆ) ಎರಡು ಡ್ರಾಯಿಂಗ್‌ಗಳಿವೆ. ಆಪರೇಟರ್ ತಿದ್ದಿದ ಅಳತೆಗೆ ಕೊರೆಯುತ್ತಾನೆ, ತಪಾಸಣೆಯವರು ಹಳೆಯ ಅಳತೆಗೆ ನೋಡಿ ತಿರಸ್ಕರಿಸುತ್ತಾರೆ, ಇಬ್ಬರೂ ತಮ್ಮ ಕಾಗದವನ್ನು ತೋರಿಸಿ ಜಗಳವಾಡುತ್ತಾರೆ. ಇಬ್ಬರ ಮಾತೂ ನಿಜ.

ಪೆನ್ನಿನ ತಿದ್ದುಪಡಿಯನ್ನು ಪೂರ್ತಿ ನಿಷೇಧಿಸಿ ಎಂದು ನಾನು ಹೇಳುವುದಿಲ್ಲ. ರಾತ್ರಿ ಪಾಳಿಯಲ್ಲಿ ಹೊಸ ಪ್ರಿಂಟ್ ತೆಗೆಯಲು ಯಾರು ಸಿಗುತ್ತಾರೆ? ಯಾರು ತಿದ್ದಬಹುದು, ತಿದ್ದುಪಡಿ ಎಷ್ಟು ದಿನ ಊರ್ಜಿತ, ಅಷ್ಟರೊಳಗೆ ಮೂಲಪ್ರತಿ ಬದಲಾಗದಿದ್ದರೆ ಏನು ಎಂಬುದನ್ನು ನಿಮ್ಮ ಕಾರ್ಯವಿಧಾನದಲ್ಲಿ ಬರೆದಿಡಿ. ನಮ್ಮಲ್ಲಿ ಕೆಂಪು ಶಾಯಿ, ಸಹಿ, ದಿನಾಂಕ, ಐದು ಕೆಲಸದ ದಿನಗಳ ಗಡುವು. ಆರನೆಯ ದಿನ ಆ ಕಾಗದಕ್ಕೆ ಬೆಲೆಯಿಲ್ಲ.

ಫಾರ್ಮಿನಲ್ಲಿ ಏನೇನು ಇರಬೇಕು?

ದಾಖಲೆಯ ಸಂಖ್ಯೆ, ಈಗಿನ ರಿವಿಷನ್ (ದಾಖಲೆ ಎಷ್ಟನೆಯ ಸಲ ಬದಲಾದದ್ದು ಎಂಬ ಗುರುತು), ಈಗ ಏನಿದೆ, ಏನಾಗಬೇಕು, ಯಾಕೆ, ಬೇರೆ ಯಾವ ದಾಖಲೆಗಳಿಗೆ ತಟ್ಟುತ್ತದೆ, ತಯಾರಾಗಿ ಬಿದ್ದಿರುವ ಮಾಲಿನ ಗತಿಯೇನು, ಯಾವಾಗಿನಿಂದ ಜಾರಿ, ಯಾರ ಒಪ್ಪಿಗೆ. ಇಷ್ಟು ಸಾಕು. ಮೂರು ಪುಟದ ಫಾರ್ಮನ್ನು ಯಾರೂ ತುಂಬುವುದಿಲ್ಲ, ತುಂಬಿದವರು ಎರಡನೆಯ ಸಲ ನಿಮ್ಮ ಕಡೆ ಸುಳಿಯುವುದಿಲ್ಲ.

ಇವುಗಳಲ್ಲಿ ಜನ ಕಾಟಾಚಾರಕ್ಕೆ ತುಂಬುವುದು ‘ಯಾಕೆ’ ಎಂಬ ಅಂಕಣವನ್ನು. ‘ಗ್ರಾಹಕರ ಅಗತ್ಯ’ ಎಂದು ಬರೆದು ಮುಗಿಸುತ್ತಾರೆ. ಮೂರು ವರ್ಷದ ನಂತರ ಇನ್ನೊಬ್ಬ ಎಂಜಿನಿಯರ್ ಬಂದು ‘ಈ ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ಹೆಚ್ಚುಕಡಿಮೆ) ಇಷ್ಟು ಬಿಗಿ ಯಾಕೆ, ಸಡಿಲ ಮಾಡೋಣ’ ಎನ್ನುತ್ತಾನೆ. ಬಿಗಿ ಮಾಡಿದ್ದು ಯಾವ ಸೋರಿಕೆಯ ದೂರಿನಿಂದ ಎಂದು ಬರೆದಿಟ್ಟಿದ್ದರೆ ಅವನ ಕೈ ಅಲ್ಲಿಯೇ ನಿಲ್ಲುತ್ತಿತ್ತು. ಬರೆದಿಲ್ಲದ್ದರಿಂದ ಸಡಿಲವಾಗುತ್ತದೆ, ಸೋರಿಕೆಯೂ ಮರಳಿ ಬರುತ್ತದೆ. ನಾನೀಗ ದೂರಿನ ಸಂಖ್ಯೆಯೋ ಪರೀಕ್ಷೆಯ ವರದಿಯೋ ಪತ್ರದ ದಿನಾಂಕವೋ ಇಲ್ಲದ ಕೋರಿಕೆಯನ್ನು ದಾಖಲಿಸಿಕೊಳ್ಳುವುದೇ ಇಲ್ಲ. ಇದಕ್ಕಾಗಿ ಬೈಸಿಕೊಂಡಿದ್ದೇನೆ.

ಒಂದು ಸಣ್ಣ ಬದಲಾವಣೆಗೆ ಇಷ್ಟೆಲ್ಲ ಬೇಕೇ?

ಒಂದು ಉದಾಹರಣೆ ಕೊಡುತ್ತೇನೆ, ಸಣ್ಣದೋ ದೊಡ್ಡದೋ ನೀವೇ ಹೇಳಿ. ವಾಲ್ವ್‌ನ ಬಾಡಿಯಲ್ಲಿ ಎಣ್ಣೆ ಒಳಬರುವ ಪೋರ್ಟಿನ (ರಂಧ್ರದ) ಥ್ರೆಡ್, ಎಂದರೆ ತಿರುಪಿನ ಗೀರು, ಜಿ 3/8 ಎಂಬ ಇಂಚಿನ ಅಳತೆಯದಿತ್ತು. ಗ್ರಾಹಕರು ಅದನ್ನು ಐಎಸ್‌ಒ 6149 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎಂ18×1.5 ಎಂಬ ಮಿಲಿಮೀಟರ್ ಅಳತೆಗೆ ಮಾಡಿ ಎಂದರು. ಡ್ರಾಯಿಂಗಿನಲ್ಲಿ ಬದಲಾದದ್ದು ಒಂದು ಸಾಲು ಮತ್ತು ಒಂದು ಬಿಡಿಚಿತ್ರ.

ಈಗ ಆ ಸಾಲಿನ ಹಿಂದೆ ನಡೆಯೋಣ. ಡ್ರಿಲ್ 15.25 ಮಿಲಿಮೀಟರಿನಿಂದ 16.5 ಆಯಿತು, ಎಂದರೆ ಟೂಲ್ ಪಟ್ಟಿ ಬದಲಾಗಬೇಕು. ಥ್ರೆಡ್ ಕೊರೆಯುವ ಟ್ಯಾಪ್ ಬೇರೆ. ಬಾಯಿಯಲ್ಲಿ ಒ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಕೂರುವ ಇಳಿಜಾರಿಗೆ ಬೇರೆಯೇ ಫಾರ್ಮ್ ಟೂಲ್. ಸಿಎನ್‌ಸಿ ಪ್ರೋಗ್ರಾಂ ಬದಲಾಯಿತು, ಅದರ ಜೊತೆ ಸೆಟಪ್ ಶೀಟ್. ಥ್ರೆಡ್ ಅಳೆದು ನೋಡುವ ಪ್ಲಗ್ ಗೇಜ್ ಹೊಸದು, ಹಾಗಾಗಿ ಗೇಜ್‌ಗಳ ಕ್ಯಾಲಿಬ್ರೇಶನ್ ಪಟ್ಟಿಗೆ ಒಂದು ನಮೂದು. ತಪಾಸಣೆಯ ವರದಿಯಲ್ಲಿ ಎರಡು ಸಾಲು, ಕಂಟ್ರೋಲ್ ಪ್ಲಾನಿನಲ್ಲಿ ಒಂದು. ಪೋರ್ಟಿಗೆ ಧೂಳು ಹೋಗದಂತೆ ಹಾಕುವ ಪ್ಲಾಸ್ಟಿಕ್ ಮುಚ್ಚಳ ಬೇರೆ ಅಳತೆಯದು, ಎಂದರೆ ಖರೀದಿಯ ನಿರ್ದಿಷ್ಟ ವಿವರ ಮತ್ತು ಪ್ಯಾಕಿಂಗ್ ಸೂಚನೆ. ಗ್ರಾಹಕರ ಕೈಪಿಡಿಯಲ್ಲಿ ಫಿಟ್ಟಿಂಗ್ ಬಿಗಿಯುವ ಟಾರ್ಕ್, ಸೀಲಿನ ಹೆಸರು, ಬಿಡಿಭಾಗಗಳ ಪಟ್ಟಿ.

ನಾವು ಎಲ್ಲವನ್ನೂ ಬದಲಿಸಿದೆವು, ಮುಚ್ಚಳ ಒಂದನ್ನು ಬಿಟ್ಟು. ತಾಳಿ ಕಟ್ಟುವುದನ್ನು ಮರೆತ ಮದುವೆಯ ಗಡಿಬಿಡಿ ಅದು. ಹಳೆಯ ಮುಚ್ಚಳ ಹೊಸ ಪೋರ್ಟಿನಲ್ಲಿ ಹೇಗೋ ಕುಳಿತಿತ್ತು, ಲಾರಿಯಲ್ಲಿ ಉದುರಿತು. ಪೋರ್ಟಿನೊಳಗೆ ರಟ್ಟಿನ ಪುಡಿ ಸೇರಿದ ಮಾಲು ಹಾಗೆಯೇ ವಾಪಸ್ ಬಂತು. ಅಂದಿನಿಂದ ‘ಬೇರೆ ಯಾವ ದಾಖಲೆಗಳಿಗೆ ತಟ್ಟುತ್ತದೆ’ ಎಂಬ ಅಂಕಣ ಖಾಲಿ ಅಂಕಣವಾಗಿ ಉಳಿದಿಲ್ಲ. ಹದಿನಾಲ್ಕು ದಾಖಲೆಗಳ ಹೆಸರು ಅಚ್ಚಾಗಿವೆ, ಪ್ರತಿಯೊಂದರ ಮುಂದೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕಲೇಬೇಕು.

ಬದಲಾವಣೆಗೆ ಮೊದಲೇ ತಯಾರಾದ ಜಾಬ್‌ಗಳನ್ನು ಏನು ಮಾಡಬೇಕು?

ಅದನ್ನು ಕೋರಿಕೆ ಒಪ್ಪುವಾಗಲೇ ನಿರ್ಧರಿಸಿ, ಆಮೇಲಲ್ಲ. ದಾರಿಗಳು ನಾಲ್ಕೇ: ಇದ್ದಂತೆ ಬಳಸುವುದು, ತಿದ್ದಿ ಬಳಸುವುದು, ಹಳೆಯ ರಿವಿಷನ್ ಒಪ್ಪುವ ಗ್ರಾಹಕರಿಗೆ ಕೊಡುವುದು, ಸ್ಕ್ರ್ಯಾಪ್.

ಮೇಲಿನ ಥ್ರೆಡ್ಡಿನ ಕತೆಯನ್ನೇ ಮುಂದುವರಿಸುತ್ತೇನೆ. ಹಳೆಯ ಥ್ರೆಡ್ ಹಾಕಿದ ಬಾಡಿಗಳು ರ‍್ಯಾಕಿನಲ್ಲಿದ್ದವು. ‘ದೊಡ್ಡ ಟ್ಯಾಪ್ ಹೊಡೆದರೆ ಆಯಿತಲ್ಲ’ ಎಂದರು. ಲೆಕ್ಕ ನೋಡಿ: ಜಿ 3/8 ಥ್ರೆಡ್ಡಿನ ಹೊರವ್ಯಾಸ 16.662 ಮಿಲಿಮೀಟರ್. ಹೊಸ ಡ್ರಿಲ್ 16.5. ಕೊರೆದ ಮೇಲೂ ಹಳೆಯ ಥ್ರೆಡ್ಡಿನ ಗೀರು ಪ್ರತಿ ಬದಿಗೆ 0.08 ಮಿಲಿಮೀಟರಿನಷ್ಟು ಉಳಿಯುತ್ತದೆ, ಅದರ ಮೇಲೆ ಬೇರೆ ಪಿಚ್ಚಿನ (ಗೀರುಗಳ ನಡುವಿನ ಅಂತರದ) ಥ್ರೆಡ್ ಬರುತ್ತದೆ. ಕಣ್ಣಿಗೆ ಬೀಳುವುದೇ ಕಷ್ಟ. ಬೆರಳಿಗೆ ಮಾತ್ರ ತಿಳಿಯುತ್ತದೆ. ನಾವು ಗ್ರಾಹಕರನ್ನು ಕೇಳಿದೆವು, ಅವರು ಬೇಡ ಎಂದರು. ಬಾಡಿಗಳು ಹಳೆಯ ಥ್ರೆಡ್ ಬೇಕಿದ್ದ ಇನ್ನೊಂದು ಆರ್ಡರಿಗೆ ಹೋದವು. ಕೇಳದೆ ಕಳಿಸಿದ್ದರೆ ಬಹುಶಃ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಅವರ ಸಹಿ ಆ ಫಾರ್ಮಿನಲ್ಲಿ ಇರಲಿಲ್ಲ.

ಕೋರಿಕೆಯನ್ನು ಯಾರು ಕೊಡಬಹುದು?

ಯಾರಾದರೂ. ಕಸ ಗುಡಿಸುವವರೂ ಕೊಡಬಹುದು. ಆದರೆ ನಿಜಕ್ಕೂ ತಿಳಿದವರು ಕೊಡುವುದಿಲ್ಲ, ಕಷ್ಟವಿರುವುದು ಅಲ್ಲಿ.

ನಮ್ಮಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದರು, ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದೆವು. ಅವರು ನಿವೃತ್ತರಾದ ಎರಡು ತಿಂಗಳಿಗೆ ಒಂದು ಜಾಬಿನಲ್ಲಿ ಸೋರಿಕೆಯ ದೂರುಗಳು ಶುರುವಾದವು. ಬಿಚ್ಚಿ ನೋಡಿದರೆ ಒ-ರಿಂಗ್ ಕತ್ತರಿಸಿದಂತಾಗಿದೆ. ಬೋರಿಗೆ (ಒಳಗಿನ ದೊಡ್ಡ ರಂಧ್ರಕ್ಕೆ) ಅಡ್ಡಲಾಗಿ ಬಂದು ಸೇರುವ ಸಣ್ಣ ರಂಧ್ರದ ಅಂಚು ಬ್ಲೇಡಿನಂತಿದೆ. ಹೊಸ ಹುಡುಗನನ್ನು ಕರೆದು ಕೇಳಿದರೆ ಅವನು ಡ್ರಾಯಿಂಗ್ ಮುಂದಿಟ್ಟ. ಅಂಚು ಮುರಿಯಬೇಕು, ಎಂದರೆ ಸವರಿ ಮೊಂಡು ಮಾಡಬೇಕು, ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಕಾಕಾ ಅವರ ಮನೆಗೇ ಹೋದೆ. ‘ಅದನ್ನು ಬರೆಯುವುದೇನಿದೆ ಅಕ್ಕಾವರೇ, ಬೆರಳು ಆಡಿಸಿದರೆ ತಿಳಿಯುತ್ತದೆ’ ಎಂದರು. ಹನ್ನೊಂದು ವರ್ಷ ಅವರು ಪ್ರತಿ ಜಾಬಿನಲ್ಲೂ ತಾವೇ ಮಾಡಿಕೊಂಡ ಒಂದು ಸಣ್ಣ ಉಪಕರಣದಿಂದ ಆ ಅಂಚನ್ನು ಸವರಿ ಮುಂದೆ ಕಳಿಸುತ್ತಿದ್ದರು. ಫಾರ್ಮು ಇಂಗ್ಲಿಷಿನಲ್ಲಿತ್ತು. ಅವರು ಕನ್ನಡ, ಮರಾಠಿ ಎರಡನ್ನೂ ಓದುತ್ತಿದ್ದರು. ಫಾರ್ಮು ತುಂಬಿ ಎಂದು ಅವರಿಗೆ ನಾವು ಯಾವತ್ತೂ ಹೇಳಿರಲೇ ಇಲ್ಲ.

ಈಗ ನಮ್ಮ ಕೋರಿಕೆಯ ಫಾರ್ಮು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆ. ಬರೆಯಲು ಮನಸ್ಸಿಲ್ಲದವರು ಜಾಬನ್ನೇ ಕೈಯಲ್ಲಿ ಹಿಡಿದು ಬರುತ್ತಾರೆ, ಅವರು ಹೇಳಿದಂತೆ ನಾನು ಬರೆದು ಓದಿ ಹೇಳುತ್ತೇನೆ, ಅವರು ಸಹಿ ಮಾಡುತ್ತಾರೆ. ಯಾರಾದರೂ ನಿವೃತ್ತರಾಗುವ ಮೊದಲಿನ ತಿಂಗಳು ಅವರ ಮಶೀನಿನ ಬಳಿ ಒಂದು ದಿನ ನಿಂತು, ಡ್ರಾಯಿಂಗಿನಲ್ಲಿ ಇಲ್ಲದ್ದು ಏನೇನು ಮಾಡುತ್ತಾರೆ ಎಂದು ನೋಡುತ್ತೇನೆ.

ಒಪ್ಪಿಗೆ ಯಾರದ್ದು?

ಮೊದಲು ಆ ದಾಖಲೆಗೆ ಯಾವ ವಿಭಾಗದವರು ಸಹಿ ಹಾಕಿದ್ದರೋ ಅದೇ ವಿಭಾಗದವರದ್ದು. ಗುಣಮಟ್ಟ ನಿರ್ವಹಣೆಯ ಮಾನದಂಡವಾದ ಐಎಸ್‌ಒ 9001ರ 1994ರ ಆವೃತ್ತಿಯಲ್ಲಿ ಈ ಮಾತು ನೇರವಾಗಿಯೇ ಇತ್ತು. 2015ರ ಆವೃತ್ತಿ ಅಷ್ಟು ಬಿಡಿಸಿ ಹೇಳದೆ, ದಾಖಲೆ ತಕ್ಕದ್ದೇ, ಸಾಕಷ್ಟಿದೆಯೇ ಎಂದು ಪರಿಶೀಲಿಸಿ ಒಪ್ಪಿಗೆ ಪಡೆಯಿರಿ ಎನ್ನುತ್ತದೆ. ಹಳೆಯ ಮಾತೇ ನನಗೆ ಇಷ್ಟ. ಮಾಲೀಕರೊಬ್ಬರೇ ಎಲ್ಲಕ್ಕೂ ಸಹಿ ಹಾಕುವ ಘಟಕಗಳಲ್ಲಿ ಕೋರಿಕೆಗಳು ಅವರ ಮೇಜಿನ ಮೇಲೆ ರಾಶಿ ಬೀಳುತ್ತವೆ. ಅವರು ಪುಣೆಗೆ ಹೋದರೆ ಇಡೀ ವಾರ ಏನೂ ಕದಲುವುದಿಲ್ಲ. ಬದಲಿ ಸಹಿದಾರರ ಹೆಸರನ್ನು ಮೊದಲೇ ಬರೆದಿಡಿ.

ಒಪ್ಪದಿದ್ದರೆ?

ಕಾರಣ ಬರೆದು, ಕೇಳಿದವರ ಕೈಗೇ ಕೊಡಿ. ಉತ್ತರವಿಲ್ಲದೆ ಕಪಾಟು ಸೇರಿದ ಕೋರಿಕೆಯೇ ಆ ವ್ಯಕ್ತಿಯ ಕೊನೆಯ ಕೋರಿಕೆ.

ಗ್ರಾಹಕರು ತುರ್ತು ಎನ್ನುತ್ತಾರೆ, ಕಾಯಲು ಸಮಯವಿಲ್ಲ. ಏನು ಮಾಡಬೇಕು?

ನಿಜವಾಗಿ ತುರ್ತಾಗಿರುವುದು ಹಲವು ಸಲ ಬದಲಾವಣೆಯಲ್ಲ, ವಿನಾಯಿತಿ. ‘ಈ ಐವತ್ತು ಜಾಬ್‌ಗಳಿಗೆ ಮಾತ್ರ ಈ ಅಳತೆ ಇಷ್ಟು ಹೆಚ್ಚಿದ್ದರೂ ನಡೆಯುತ್ತದೆ’ ಎಂಬುದು ಡೀವಿಯೇಷನ್. ಅದಕ್ಕೆ ಸಂಖ್ಯೆಯ ಮಿತಿ ಅಥವಾ ದಿನಾಂಕದ ಮಿತಿ ಇರಬೇಕು, ಗ್ರಾಹಕರ ಲಿಖಿತ ಒಪ್ಪಿಗೆ ಇರಬೇಕು, ಡ್ರಾಯಿಂಗ್ ಇದ್ದಂತೆಯೇ ಇರಬೇಕು. ಒಂದೇ ವಿನಾಯಿತಿಯನ್ನು ಮೂರನೆಯ ಸಲ ಕೇಳಿದರೆ ಆಗ ಅದು ಬದಲಾವಣೆಯ ಕೋರಿಕೆಯಾಗಬೇಕು.

ರಿವಿಷನ್ನಿಗೆ ಅಕ್ಷರ ಒಳ್ಳೆಯದೋ ಅಂಕಿ ಒಳ್ಳೆಯದೋ?

ಯಾವುದಾದರೂ ಒಂದು. ಗ್ರಾಹಕರ ಡ್ರಾಯಿಂಗಿಗೆ ಇಂಗ್ಲಿಷ್ ಅಕ್ಷರವಿದ್ದರೆ ನಿಮ್ಮ ಪ್ರಕ್ರಿಯೆಯ ಡ್ರಾಯಿಂಗಿಗೆ ಅಂಕಿ ಇಟ್ಟುಕೊಳ್ಳಿ, ಎರಡೂ ಕಲಸಿಹೋಗುವುದಿಲ್ಲ. ಅಮೆರಿಕದ ಎಎಸ್‌ಎಂಇ ವೈ14.35 ಪದ್ಧತಿಯಲ್ಲಿ ಐ, ಒ, ಕ್ಯೂ, ಎಸ್, ಎಕ್ಸ್, ಝಡ್ ಅಕ್ಷರಗಳನ್ನು ಬಳಸುವುದಿಲ್ಲ. ಎಣ್ಣೆ ತಾಗಿ ಮಾಸಿದ ಪ್ರಿಂಟಿನಲ್ಲಿ ಐ ಒಂದರಂತೆ, ಒ ಸೊನ್ನೆಯಂತೆ, ಎಸ್ ಐದರಂತೆ ಕಾಣುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಎಚ್ ಆದ ಮೇಲೆ ಜೆ ಬಂತೆಂದು ‘ನಡುವಿನ ರಿವಿಷನ್ ಕಳೆದುಹೋಗಿದೆ’ ಎಂದು ನನ್ನನ್ನು ಎರಡು ದಿನ ಹುಡುಕಿಸಿದವರೂ ಇದ್ದಾರೆ.

ವಿಳಾಸ ಬದಲಾದರೆ, ಕಾಗುಣಿತ ತಿದ್ದಿದರೆ ಹೊಸ ರಿವಿಷನ್ ಬೇಕೇ?

ಬೆಳಗಾವಿಯವರಿಗೆ ಇದು ಬಾಯಿಮಾತಿನ ಪ್ರಶ್ನೆಯಲ್ಲ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ನಾವು ಮನೆಯಲ್ಲಿ ಮೊದಲಿನಿಂದಲೂ ಬೆಳಗಾವಿ ಎಂದೇ ಹೇಳುತ್ತಿದ್ದೆವು, ಡ್ರಾಯಿಂಗಿನ ಮೂಲೆಯ ಚೌಕದಲ್ಲಿ ಮಾತ್ರ ಇಂಗ್ಲಿಷಿನ ಬೆಲ್ಗಾಂ ಇತ್ತು. ಕಪಾಟಿನಲ್ಲಿ ಸಾವಿರಕ್ಕೂ ಹೆಚ್ಚು ಡ್ರಾಯಿಂಗ್‌ಗಳು. ಎಲ್ಲಕ್ಕೂ ರಿವಿಷನ್ ಏರಿಸಿದರೆ ಗ್ರಾಹಕರು ‘ಏನು ಬದಲಾಯಿತು, ಹೊಸ ಮಾದರಿ ಕಳಿಸಿ’ ಎನ್ನುತ್ತಾರೆ. ಏರಿಸದಿದ್ದರೆ ಒಂದೇ ರಿವಿಷನ್ನಿನ ಎರಡು ಮುಖ.

ನಾವು ಹೀಗೆ ಮಾಡಿದೆವು: ಖಾಲಿ ಚೌಕಟ್ಟಿಗೆ (ಎಲ್ಲ ಡ್ರಾಯಿಂಗ್‌ಗಳಿಗೂ ಬಳಸುವ ನಮೂನೆಗೆ) ಒಂದೇ ಒಂದು ಕೋರಿಕೆ, ಅದಕ್ಕೆ ಒಂದೇ ಸಂಖ್ಯೆ. ಅಂದಿನಿಂದ ಹೊಸ ಡ್ರಾಯಿಂಗ್‌ಗಳಿಗೆ ಹೊಸ ಚೌಕಟ್ಟು. ಹಳೆಯವು ಬೇರೆ ಕಾರಣಕ್ಕೆ ಯಾವಾಗ ಬದಲಾಗುತ್ತವೆಯೋ ಆಗ ಊರಿನ ಹೆಸರೂ ಬದಲಾಗಲಿ. ಇಂದಿಗೂ ಕೆಲವದರಲ್ಲಿ ಹಳೆಯ ಹೆಸರೇ ಇದೆ, ಒಬ್ಬ ಆಡಿಟರೂ ತಕರಾರು ಮಾಡಿಲ್ಲ, ಏಕೆಂದರೆ ನಿರ್ಧಾರವನ್ನು ಬರೆದಿಟ್ಟಿದ್ದೆವು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಮಾತ್ರ ಹೀಗೆ ನಿಧಾನ ಮಾಡಲಾಗಲಿಲ್ಲ. ಖರೀದಿ ಆದೇಶ, ಬಿಲ್ಲು, ಡೆಲಿವರಿ ಚಲನ್ ನಮೂನೆಗಳೆಲ್ಲ ಒಂದೇ ರಾತ್ರಿ ಬದಲಾದವು.

ಕಾಗುಣಿತದ ವಿಷಯದಲ್ಲಿ ನನ್ನ ನಿಯಮ ಇಷ್ಟೇ. ಅರ್ಥ ಬದಲಾಗದಿದ್ದರೆ ಮುಂದಿನ ರಿವಿಷನ್‌ವರೆಗೆ ಕಾಯಲಿ. ದಶಮಾಂಶದ ಚುಕ್ಕೆ ಕಾಗುಣಿತವಲ್ಲ.

ಗ್ರಾಹಕರೇ ಹೊಸ ರಿವಿಷನ್ ಕಳಿಸಿದರೆ ಎಷ್ಟು ದಿನದೊಳಗೆ ನೋಡಬೇಕು?

ವಾಹನ ಉದ್ಯಮಕ್ಕೆ ಮಾಲು ಕೊಡುವವರಿಗೆ ಐಎಟಿಎಫ್ 16949 ಎಂಬ ಗುಣಮಟ್ಟದ ಮಾನದಂಡ ಹೇಳುವುದು ಹತ್ತು ಕೆಲಸದ ದಿನಗಳು. ಇದು ಪರಿಶೀಲನೆಗೆ ಸಿಗುವ ಸಮಯ, ಜಾರಿಗೆ ಅಲ್ಲ. ಯಾವ ದಿನದಿಂದ ಹೊಸ ರಿವಿಷನ್ನಿನ ಉತ್ಪಾದನೆ ಎಂಬುದನ್ನೂ ದಾಖಲಿಸಬೇಕು. ಹೆಚ್ಚಿನ ಕಡೆ ಈ ಹತ್ತು ದಿನಗಳಲ್ಲಿ ಆರು ದಿನ ಇಮೇಲ್ ಮಾರ್ಕೆಟಿಂಗ್‌ನವರ ಪೆಟ್ಟಿಗೆಯಲ್ಲೇ ಕುಳಿತಿರುತ್ತದೆ. ದಾಖಲೆಗಳಿಗೆಂದೇ ಒಂದು ಸಾಮಾನ್ಯ ಇಮೇಲ್ ವಿಳಾಸ ಮಾಡಿ ಗ್ರಾಹಕರಿಗೆ ತಿಳಿಸಿ, ಅರ್ಧ ಸಮಸ್ಯೆ ಕಳೆಯುತ್ತದೆ.

ಸೂಚನಾ ಪತ್ರಗಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಇವೆ. ಬದಲಾದಾಗ ಹೇಗೆ?

ಮೂರಕ್ಕೂ ಒಂದೇ ಸಂಖ್ಯೆ, ಒಂದೇ ರಿವಿಷನ್, ಒಂದೇ ದಿನ ಬಿಡುಗಡೆ. ‘ಇಂಗ್ಲಿಷಿನದು ಇವತ್ತು ಹೋಗಲಿ, ಕನ್ನಡದ್ದು ಆಮೇಲೆ ಮಾಡೋಣ’ ಎಂದರೆ ಆ ‘ಆಮೇಲೆ’ ಮುಂದಿನ ಆಡಿಟ್‌ವರೆಗೂ ಬರುವುದಿಲ್ಲ. ಮಶೀನಿನ ಮುಂದೆ ನಿಂತವರು ಓದುವುದು ಕನ್ನಡದ್ದನ್ನೋ ಮರಾಠಿಯದ್ದನ್ನೋ, ಆಡಿಟರ್ ಓದುವುದು ಇಂಗ್ಲಿಷಿನದನ್ನು. ಭಾಷೆಯೂ ದಾಖಲೆಯ ಸ್ವರೂಪದ ಭಾಗ ಎಂದು ಐಎಸ್‌ಒ 9001:2015ರ 7.5.2ನೆಯ ಕಲಮು ಹೆಸರಿಟ್ಟೇ ಹೇಳುತ್ತದೆ. ಅಂಕಿಗಳನ್ನು ಮೂರರಲ್ಲೂ ಒಂದೇ ಲಿಪಿಯಲ್ಲಿ ಇಡಿ. ದೇವನಾಗರಿಯ ಐದು ಮತ್ತು ಕನ್ನಡದ ಐದು ಒಂದೇ ಶಾಪಿನಲ್ಲಿ ಬೇಡ.

ಡ್ರಾಯಿಂಗನ್ನು ಫೋಟೊ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುವುದನ್ನು ತಡೆಯುವುದು ಹೇಗೆ?

ತಡೆಯಲಾರಿರಿ. ನಾನು ಸೋತಿದ್ದೇನೆ. ಮಚ್ಛೆಯಲ್ಲಿ ಪ್ಲೇಟಿಂಗ್ ಮಾಡುವವರಿಗೆ, ಹೀಟ್ ಟ್ರೀಟ್‌ಮೆಂಟಿನವರಿಗೆ ಡ್ರಾಯಿಂಗ್ ಹೋಗುವುದೇ ಫೋಟೊ ರೂಪದಲ್ಲಿ. ಅವರ ಮೊಬೈಲಿನಲ್ಲಿ ಎರಡು ವರ್ಷದ ಹಿಂದಿನ ಫೋಟೊ ಇದ್ದರೆ ಅದನ್ನೇ ತೆರೆದು ಕೆಲಸ ಮಾಡುತ್ತಾರೆ. ಹಾಗಾಗಿ ನಾವು ಚಲನ್ ಮೇಲೆ ಜಾಬಿನ ಸಂಖ್ಯೆಯ ಪಕ್ಕದಲ್ಲಿ ರಿವಿಷನ್ ಬರೆಯಲಾರಂಭಿಸಿದೆವು. ಮೊಬೈಲಿನ ಫೋಟೊದಲ್ಲಿರುವುದು ಚಲನ್‌ಗೆ ಹೊಂದದಿದ್ದರೆ ಅವರು ಫೋನು ಮಾಡಬೇಕು. ಮಾಡುತ್ತಾರೆ, ಮಾಲು ಇಳಿಸಿದ ದಿನ ಅಲ್ಲದಿದ್ದರೂ ಮರುದಿನ. ರಿವಿಷನ್ ಕಾಣದಂತೆ ಅರ್ಧ ಡ್ರಾಯಿಂಗಿನ ಫೋಟೊ ಕಳಿಸುವ ನಮ್ಮ ಎಂಜಿನಿಯರುಗಳನ್ನು ಮಾತ್ರ ನಾನು ಸುಮ್ಮನೆ ಬಿಡುವುದಿಲ್ಲ.

ಇದಕ್ಕೆ ಸಾಫ್ಟ್‌ವೇರ್ ಬೇಕೇ?

ಇನ್ನೂರು ದಾಖಲೆಗಳವರೆಗೆ ಒಂದು ಎಕ್ಸೆಲ್ ಪಟ್ಟಿ ಸಾಕು, ಅದನ್ನು ಒಬ್ಬರೇ ತಿದ್ದುವುದಾದರೆ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಬಳಸುವ ಸಾಫ್ಟ್‌ವೇರ್ ಗೆಳೆಯರಿಗೆ ‘ಏನು ಬದಲಾಯಿತು, ಯಾರು ಬದಲಿಸಿದರು’ ಎಂಬುದು ತಾನಾಗಿಯೇ ಸಿಗುತ್ತದೆ, ನನಗೆ ಹೊಟ್ಟೆಕಿಚ್ಚು. ಆದರೆ ‘ಯಾಕೆ’ ಎಂಬುದನ್ನು ಅಲ್ಲಿಯೂ ಮನುಷ್ಯರೇ ಬರೆಯಬೇಕು, ಅಲ್ಲಿಯೂ ಜನ ‘ಸಣ್ಣ ತಿದ್ದುಪಡಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರಂತೆ.

ಹಳೆಯ ರಿವಿಷನ್‌ಗಳನ್ನು ಎಷ್ಟು ಕಾಲ ಇಡಬೇಕು?

ಮೂಲಪ್ರತಿ ಒಂದನ್ನು ‘ರದ್ದು’ ಎಂಬ ಮುದ್ರೆ ಹಾಕಿ ಬೀಗದೊಳಗೆ ಇಡಿ. ವಾಹನದ ಬಿಡಿಭಾಗಗಳಿಗೆ ಸಂಬಂಧಿಸಿದ ಒಪ್ಪಿಗೆಯ ದಾಖಲೆಗಳನ್ನು, ಗ್ರಾಹಕರು ಬೇರೆ ಹೇಳಿರದಿದ್ದರೆ, ಆ ಭಾಗ ಉತ್ಪಾದನೆಯಲ್ಲಿ ಮತ್ತು ಸರ್ವಿಸ್‌ನಲ್ಲಿ ಇರುವಷ್ಟು ಕಾಲ ಹಾಗೂ ಅದರ ಮೇಲೆ ಒಂದು ಕ್ಯಾಲೆಂಡರ್ ವರ್ಷ ಇಡಬೇಕು ಎಂದು ಐಎಟಿಎಫ್ ಹೇಳುತ್ತದೆ. ಶಾಪಿನ ಪ್ರತಿಗಳನ್ನು ಹರಿದು ಹಾಕಿ. ಹಿಂಬದಿ ಖಾಲಿ ಇದೆಯೆಂದು ಲೆಕ್ಕ ಬರೆಯಲು ಇಟ್ಟುಕೊಂಡರೆ ಮುಂಬದಿ ಯಾವತ್ತೋ ಒಂದು ದಿನ ಮೇಲೆ ಬರುತ್ತದೆ.

ನಮ್ಮಲ್ಲಿ ಏನೂ ಇಲ್ಲ. ಎಲ್ಲಿಂದ ಶುರು ಮಾಡಬೇಕು?

ಫಾರ್ಮಿನಿಂದ ಬೇಡ. ಒಂದು ಚೀಲ ಹಿಡಿದು ಶಾಪಿನಲ್ಲಿ ಸುತ್ತಾಡಿ, ಕಣ್ಣಿಗೆ ಬಿದ್ದ ಕಾಗದವನ್ನೆಲ್ಲ ಆರಿಸಿ ತನ್ನಿ. ಇದಕ್ಕೆ ಒಳ್ಳೆಯ ದಿನ ಖಂಡೇನವಮಿಯ ಹಿಂದಿನ ದಿನ. ಅಂದು ಪೂಜೆಗಾಗಿ ಪ್ರತಿಯೊಬ್ಬರೂ ತಮ್ಮ ಮಶೀನು ತೊಳೆಯುತ್ತಾರೆ, ಟೂಲ್ ಪೆಟ್ಟಿಗೆ ಖಾಲಿ ಮಾಡುತ್ತಾರೆ, ವರ್ಷವಿಡೀ ಮುಟ್ಟಲು ಬಿಡದ ಕಪಾಟು ತಾನಾಗಿಯೇ ತೆರೆದುಕೊಳ್ಳುತ್ತದೆ. ನಾನು ಮೊದಲ ವರ್ಷ ಹೀಗೆ ಸುತ್ತಿದಾಗ ಚೀಲ ಸಾಲದೆ ಗೋಣಿ ತರಿಸಿದೆ. ಟೂಲ್ ಟ್ರಾಲಿಯ ಅಡಿಯಲ್ಲಿ, ಕೂಲಂಟ್ ಟ್ಯಾಂಕಿನ ಮುಚ್ಚಳದ ಕೆಳಗೆ, ಲಕ್ಷ್ಮಿಯ ಫೋಟೊದ ಹಿಂದೆ ಡ್ರಾಯಿಂಗ್‌ಗಳಿದ್ದವು. ಒಂದೇ ವಾಲ್ವ್ ಬಾಡಿಯ ನಾಲ್ಕು ರಿವಿಷನ್‌ಗಳು ಒಂದೇ ಕಪಾಟಿನಲ್ಲಿ, ಮಡಿಕೆ ಬೀಳದಂತೆ ಜೋಡಿಸಿಟ್ಟಿದ್ದವು. ಅವುಗಳಲ್ಲಿ ಲ್ಯಾಮಿನೇಟ್ ಮಾಡಿಸಿ ಎಲ್ಲಕ್ಕಿಂತ ಜೋಪಾನವಾಗಿ ಇಟ್ಟಿದ್ದುದು ಎಲ್ಲಕ್ಕಿಂತ ಹಳೆಯದು.